ಎರಡನೆಯ ರೈಫಲ್ ಮತ್ತು ಶ್ರಾವಕನ ಲೆಕ್ಕ

ಶ್ರಾವಕನು ತನ್ನ ಮನೆಯಲ್ಲಿ ಬಂದೂಕನ್ನು ಇಟ್ಟುಕೊಳ್ಳಬಹುದೆ ಎಂಬ ಪ್ರಶ್ನೆಯನ್ನು ನಮ್ಮ ಹಿರಿಯರು ಚರ್ಚಿಸುತ್ತ ಬಂದಿದ್ದಾರೆ, ಮುಂದೆಯೂ ಚರ್ಚಿಸುವರು. ಈ ಲೇಖನದ ವಿಷಯ ಅದಲ್ಲ. ಮನೆಯಲ್ಲಿ ಈಗಾಗಲೇ ಒಂದು ರೈಫಲ್ ಇರುವಾಗ ಅದರ ಪಕ್ಕದಲ್ಲಿಡಲು ಇನ್ನೊಂದನ್ನು ಆರಿಸುವ ವಿಚಾರವನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇನೆ. ಮೊದಲನೆಯದು ಪಾಯಿಂಟ್ 22 ಆಗಿದ್ದರೆ ಎರಡನೆಯದು ಪಾಯಿಂಟ್ 315 ಇರಲಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಹಳೆಯ ವಿಲಾಯಿತಿ ರೈಫಲೊಂದು ಸಿಕ್ಕಿದರೆ ಸಂಗ್ರಹಕ್ಕೆ ಶೋಭೆ ಎನ್ನುವವರೂ ಉಂಟು. ಅಕ್ರೋಟು ಮರದ ಹಿಡಿ, ಬೋಲ್ಟಿನ ನುಣುಪು, ದುರ್ಬೀನು ಕೂರಿಸುವ ಅನುಕೂಲ ಇವೆಲ್ಲವನ್ನೂ ಮಗಳಿಗೆ ವರನನ್ನು ನೋಡುವಷ್ಟು ಶ್ರದ್ಧೆಯಿಂದ ಪರೀಕ್ಷಿಸುತ್ತಾರೆ. ಯಾವುದನ್ನು ಕೊಳ್ಳಬೇಕೆಂದು ಕೇಳುವವರು ಅನೇಕರು. ಏಕೆ ಕೊಳ್ಳಬೇಕೆಂದು ಕೇಳುವವರು ವಿರಳ. ಕೇಳಬೇಕಾದ ಪ್ರಶ್ನೆ ಎರಡನೆಯದು ಮಾತ್ರ.

ನಮ್ಮ ಶಾಸ್ತ್ರಕಾರರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು. ಉಳಿದ ಮೂರನ್ನು ಆದಷ್ಟು ತಗ್ಗಿಸಬೇಕು. ಬಂದೂಕಿಟ್ಟುಕೊಂಡವರ ಸಮರ್ಥನೆ ಯಾವಾಗಲೂ ವಿರೋಧಿ ಹಿಂಸೆಯದೇ. ಒಂಟಿ ಮನೆ, ತೋಟಕ್ಕೆ ನುಗ್ಗುವ ಹಂದಿ, ರಾತ್ರಿಯ ಕಳ್ಳಕಾಕರು ಎಂದು ಕಾರಣಗಳ ಪಟ್ಟಿ ಕೊಡುತ್ತಾರೆ. ಆ ವಾದ ಎಷ್ಟು ಗಟ್ಟಿ ಎಂಬುದು ಬೇರೆ ಮಾತು; ಮೊದಲನೆಯ ಬಂದೂಕಿನ ಪಾಲಿಗೆ ಅದನ್ನು ಒಪ್ಪಿಕೊಳ್ಳೋಣ. ಆದರೆ ಎರಡನೆಯದಕ್ಕೆ ಅದೇ ಕಾರಣವನ್ನು ಹೇಳಲು ಬರುವುದಿಲ್ಲ. ಮನುಷ್ಯನಿಗಿರುವುದು ಎರಡೇ ಕೈ. ರೈಫಲ್ ಹಿಡಿಯಲು ಎರಡೂ ಬೇಕು. ಮೊದಲನೆಯದು ಬಾಗಿಲು ಕಾಯುತ್ತಿರುವಾಗ ಎರಡನೆಯದು ಏನನ್ನು ಕಾಯುತ್ತದೆ? ಅದು ಕಾಯುವುದು ಒಡೆಯನ ಅಭಿಮಾನವನ್ನು.

ಇಲ್ಲಿ ಕೆಲವರು ಕಾನೂನನ್ನು ಮುಂದಿಡುತ್ತಾರೆ. ಲೈಸೆನ್ಸಿನ ಮೇಲೆ ಎರಡನ್ನು ಇಟ್ಟುಕೊಳ್ಳಲು ಸರ್ಕಾರವೇ ಅನುಮತಿ ಕೊಟ್ಟಿರುವಾಗ ಅಡ್ಡಿ ಏನೆಂದು ಕೇಳುತ್ತಾರೆ. ಆ ಕಾನೂನು ನಡೆದು ಬಂದ ದಾರಿಯನ್ನು ಅವರು ಗಮನಿಸಲಿ. 1959ರ ಆಯುಧ ಅಧಿನಿಯಮಕ್ಕೆ 1983ರಲ್ಲಿ ತಿದ್ದುಪಡಿಯಾಗಿ ಒಬ್ಬ ವ್ಯಕ್ತಿಗೆ ಮೂರು ಎಂಬ ಮಿತಿ ಬಂದಿತು. 2019ರ ಡಿಸೆಂಬರಿನ ತಿದ್ದುಪಡಿಯಲ್ಲಿ ಅದು ಎರಡಕ್ಕೆ ಇಳಿಯಿತು. ಸರ್ಕಾರದ ಮೂಲ ಮಸೂದೆ ಒಂದೇ ಸಾಕೆಂದಿತ್ತು. ಆಕ್ಷೇಪಗಳು ಬಂದುದರಿಂದ ಎರಡಾಯಿತು. ಪಿತ್ರಾರ್ಜಿತವಾಗಿ ಬರುವ ಆಯುಧಗಳಿಗೂ ಅದೇ ಮಿತಿ. ಹೆಚ್ಚಿನವನ್ನು ಒಂದು ವರ್ಷದೊಳಗೆ ಒಪ್ಪಿಸಬೇಕೆಂದು ವಿಧಿಸಲಾಯಿತು. ಅಹಿಂಸೆಯ ವ್ರತ ತೊಡದ ರಾಜ್ಯಶಾಸನವೇ ಮೂರರಿಂದ ಎರಡಕ್ಕೆ ಇಳಿಯುತ್ತಿರುವಾಗ, ಅಣುವ್ರತದ ಹೆಸರು ಹೇಳುವ ನಾವು ಒಂದರಿಂದ ಎರಡಕ್ಕೆ ಏರುವುದೆ? ಕಾನೂನು ಹೇಳುವುದು ಮೀರಬಾರದ ಗಡಿಯನ್ನು. ಆ ಗಡಿಯ ತನಕ ನಡೆದುಹೋಗಬೇಕೆಂದು ಅದು ಯಾರಿಗೂ ಆಜ್ಞೆ ಮಾಡಿಲ್ಲ.

ಇನ್ನು ಶಾಸ್ತ್ರದ ಲೆಕ್ಕವನ್ನು ನೋಡೋಣ. ನಮ್ಮ ಜಪಮಾಲೆಯಲ್ಲಿ 108 ಮಣಿಗಳೇಕೆ ಎಂಬುದಕ್ಕೆ ಪಾಠಶಾಲೆಯ ಮಕ್ಕಳು ಕೊಡುವ ಉತ್ತರವನ್ನು ದೊಡ್ಡವರು ಮರೆತಂತಿದೆ. ಪಾಪಾಸ್ರವಕ್ಕೆ ಸಂರಂಭ, ಸಮಾರಂಭ, ಆರಂಭ ಎಂದು ಮೂರು ಹಂತಗಳು. ಮನ, ವಚನ, ಕಾಯಗಳೆಂಬ ಮೂರು ದಾರಿಗಳು. ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು ಬಗೆಗಳು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ 108. ಇದರಲ್ಲಿ ಸಂರಂಭವೆಂದರೆ ಮಾಡಬೇಕೆಂಬ ಸಂಕಲ್ಪ. ಸಮಾರಂಭವೆಂದರೆ ಸಾಧನಗಳನ್ನು ಕೂಡಿಹಾಕುವುದು. ಆರಂಭವೆಂದರೆ ಕ್ರಿಯೆಗೆ ತೊಡಗುವುದು. ಗುಂಡು ಹಾರಿಸಲಿಲ್ಲ, ಆದ್ದರಿಂದ ಪಾಪವಿಲ್ಲ ಎನ್ನುವವರು ಮೂರನೆಯ ಹಂತವೊಂದನ್ನೇ ಎಣಿಸುತ್ತಿದ್ದಾರೆ. ಎರಡನೆಯ ರೈಫಲನ್ನು ಹುಡುಕುವುದು ಸಂರಂಭ. ತಂದು ಕಪಾಟಿನಲ್ಲಿಡುವುದು ಸಮಾರಂಭ. ಗುಂಡು ಹಾರುವ ಮೊದಲೇ ಖಾತೆಯಲ್ಲಿ ಖರ್ಚು ಬರೆದಾಗಿದೆ.

ಅನರ್ಥದಂಡವಿರತಿಗೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಕೊನೆಯ ಎರಡನ್ನು ಓದಿದರೆ ಈ ರೈಫಲನ್ನೇ ಕಣ್ಣೆದುರಿಗಿಟ್ಟು ಬರೆದಂತೆ ತೋರುತ್ತದೆ. ಒಂದು ಅಸಮೀಕ್ಷ್ಯಾಧಿಕರಣ: ಪ್ರಯೋಜನವನ್ನು ವಿಚಾರಿಸದೆ ಉಪಕರಣಗಳನ್ನು ಒದಗಿಸಿಕೊಳ್ಳುವುದು. ಇನ್ನೊಂದು ಉಪಭೋಗ ಪರಿಭೋಗಾನರ್ಥಕ್ಯ: ಅಗತ್ಯಕ್ಕೆ ಮೀರಿ ಭೋಗವಸ್ತುಗಳನ್ನು ಕೂಡಿಡುವುದು. ರೈಫಲಿಗೆ ದುರ್ಬೀನು ಜೋಡಿಸುವ ಉತ್ಸಾಹಕ್ಕೂ ಅಲ್ಲಿ ಹೆಸರಿದೆ. ಉಪಕರಣಗಳ ಸಂಯೋಗವನ್ನು ಅಜೀವಾಧಿಕರಣದ ಭೇದಗಳಲ್ಲಿ ಎಣಿಸಲಾಗಿದೆ.

ಇದು ಬರಿಯ ಸಂಗ್ರಹ, ನಾಣ್ಯ ಅಥವಾ ಅಂಚೆಚೀಟಿಗಳ ಸಂಗ್ರಹದಂತೆ ಎಂಬ ಮಾತೂ ಉಂಟು. ಅಂಚೆಚೀಟಿ ಕಳವಾದರೆ ಒಡೆಯನಿಗೆ ಮಾತ್ರ ನಷ್ಟ. ರೈಫಲ್ ಕಳವಾದರೆ ನಷ್ಟ ಯಾರಿಗೆಂದು ಹೇಳಬಲ್ಲವರು ಯಾರು? ಪಾಯಿಂಟ್ 22ರ ಚಿಕ್ಕ ಗುಂಡು ಕೂಡ ಒಂದು ಮೈಲಿಗೂ ಮೀರಿ ಹೋಗಬಲ್ಲದು. ದೊಡ್ಡ ಬೋರಿನದು ಇನ್ನೂ ದೂರ. ಅಭಯಾರಣ್ಯದಿಂದ 10 ಕಿಲೋಮೀಟರಿನೊಳಗೆ ವಾಸಿಸುವ ಲೈಸೆನ್ಸುದಾರರು ಹೆಸರು ನೋಂದಾಯಿಸಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ವಿಧಿಸಿರುವುದು ಸುಮ್ಮನೆಯಲ್ಲ. ಬಂದೂಕು ಕಾಡಿನ ಬಳಿಯಿದ್ದರೆ ಪ್ರಾಣಿಗೆ ಭಯವೆಂಬುದನ್ನು ಶಾಸನವೇ ಒಪ್ಪಿಕೊಂಡಿದೆ.

ಚಾವುಂಡರಾಯನು ಖಡ್ಗ ಹಿಡಿಯಲಿಲ್ಲವೆ, ಗಂಗರಾಜನು ಹೊಯ್ಸಳರ ದಂಡನಾಯಕನಲ್ಲವೆ ಎಂದು ಇತಿಹಾಸವನ್ನು ಎಳೆದು ತರುವವರಿಗೂ ಉತ್ತರವಿದೆ. ಅವರು ಆಯುಧ ಹಿಡಿದದ್ದು ರಾಜ್ಯದ ಅಧಿಕಾರಿಗಳಾಗಿ, ಪ್ರಜೆಗಳ ಹೊಣೆ ಹೊತ್ತು. ಅದನ್ನು ದಿವಾನಖಾನೆಯ ಗೋಡೆಯ ಅಲಂಕಾರಕ್ಕೆ ಹೋಲಿಸುವುದು ಅವರಿಗೆ ಮಾಡುವ ಅವಮಾನ. ಮೇಲಾಗಿ, ಚಾವುಂಡರಾಯನು ಸುಮಾರು 981ರಲ್ಲಿ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ್ದು ಯಾರ ಮೂರ್ತಿಯನ್ನು? ಗೆದ್ದ ಕ್ಷಣದಲ್ಲಿಯೇ ಎಲ್ಲವನ್ನೂ ತ್ಯಜಿಸಿ ಹೋದವನ ಮೂರ್ತಿಯನ್ನು. ಭರತನ ಆಯುಧಾಗಾರದಲ್ಲಿ ಹುಟ್ಟಿದ ಚಕ್ರರತ್ನವು ಬಾಹುಬಲಿಯನ್ನು ಏನೂ ಮಾಡಲಾರದೆ ನಿಂತಿತು. ಆ ಪಾದಗಳಿಗೆ ಅಭಿಷೇಕ ಮಾಡಿ ಮನೆಗೆ ಬಂದು ಆಯುಧಾಗಾರವನ್ನು ಹಿಗ್ಗಿಸುವುದು ಯಾವ ಭಕ್ತಿ?

ಗುರಿಯ ಅಭ್ಯಾಸಕ್ಕಾಗಿ ಮಾತ್ರ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಏರ್ ರೈಫಲಿನಲ್ಲಿ ಚಿನ್ನ ಗೆದ್ದುದು ದೇಶಕ್ಕೆಲ್ಲ ಸಂತೋಷ ತಂದಿತು. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಅಭ್ಯಾಸಕ್ಕೆ ಬಳಸುವ ಏರ್ ರೈಫಲ್ ಮತ್ತು ಪಾಯಿಂಟ್ 22ಕ್ಕೆ ಕಾನೂನೂ ಎರಡರ ಮಿತಿಯಿಂದ ವಿನಾಯಿತಿ ಕೊಟ್ಟಿದೆ. ಆ ಕ್ರೀಡೆ ಕ್ಲಬ್ಬಿನಲ್ಲಿ, ವೃತ್ತಾಕಾರದ ಗುರಿಯ ಮುಂದೆ ನಡೆಯಲಿ. ಆದರೆ ಜಿಂಕೆಯ, ಹಂದಿಯ ಆಕಾರದ ಹಲಗೆಗೆ ಗುರಿಯಿಟ್ಟು ಜೀವಹಿಂಸೆಯಿಲ್ಲವೆನ್ನುವವರು 1209ರಲ್ಲಿ ಜನ್ನನು ಬರೆದ ಯಶೋಧರ ಚರಿತೆಯನ್ನು ಇನ್ನೊಮ್ಮೆ ಓದಬೇಕು. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಅದರ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಅಲೆದರು. ಕೋಳಿ ಹಿಟ್ಟಿನದಾದರೂ ಸಂಕಲ್ಪ ನಿಜವಾಗಿತ್ತು.

ವರ್ತಕನಾಗಿ ಒಂದು ಮಾತು. ಶ್ರಾವಕನಿಗೆ ವರ್ಜ್ಯವಾದ ಹದಿನೈದು ವ್ಯಾಪಾರಗಳಲ್ಲಿ ವಿಷವಾಣಿಜ್ಯವೂ ಒಂದು. ಅದರಲ್ಲಿ ಆಯುಧದ ವ್ಯಾಪಾರವೂ ಸೇರಿದೆ. ಲಾಭ ಬಂದರೂ ನಾವು ಅದನ್ನು ಮಾರುವಂತಿಲ್ಲ. ಮಾರುವವನಿಗೆ ನಿಷಿದ್ಧವಾದದ್ದು ಕೊಳ್ಳುವವನಿಗೆ ಭೂಷಣವಾದೀತೆ? ಲೆಕ್ಕಶಾಸ್ತ್ರದಲ್ಲಿ ಉಪಯೋಗಕ್ಕೆ ಬಾರದೆ ಗೋದಾಮಿನಲ್ಲಿ ಕುಳಿತ ಸರಕನ್ನು ಸತ್ತ ದಾಸ್ತಾನು ಎನ್ನುತ್ತೇವೆ. ಈ ದಾಸ್ತಾನು ಇನ್ನೂ ಕೆಟ್ಟದ್ದು; ಉಪಯೋಗಕ್ಕೆ ಬಂದ ದಿನವೇ ಅದರಿಂದ ಹೆಚ್ಚಿನ ನಷ್ಟ.

ಆದುದರಿಂದ ಕುಟುಂಬದ ಹಿರಿಯರಲ್ಲಿ ನನ್ನ ವಿನಂತಿ. ಪರಿಗ್ರಹ ಪರಿಮಾಣದ ವ್ರತ ತೆಗೆದುಕೊಳ್ಳುವಾಗ ಹೊಲ, ಮನೆ, ಚಿನ್ನ, ಧಾನ್ಯಗಳೊಡನೆ ಆಯುಧವನ್ನೂ ಪಟ್ಟಿಯಲ್ಲಿ ಬರೆಯಿರಿ. ಅದರ ಮುಂದೆ ಒಂದಕ್ಕಿಂತ ಹೆಚ್ಚಿನ ಅಂಕಿಯನ್ನು ಬರೆಯಬೇಡಿರಿ, ಸಾಧ್ಯವಾದರೆ ಸೊನ್ನೆ ಬರೆಯಿರಿ. ಉಯಿಲಿನಲ್ಲಿ ರೈಫಲನ್ನು ಮಗನ ಹೆಸರಿಗೆ ಬರೆಯುವ ಮುನ್ನ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವನ್ನು ನೋಡಿರಿ. ವಧೋಪಕರಣಗಳನ್ನು ಇನ್ನೊಬ್ಬರಿಗೆ ಕೊಡುವುದನ್ನು ಅಲ್ಲಿ ಹಿಂಸಾದಾನವೆಂದು ಕರೆದಿದೆ. ಮಗನಿಗೆ ಕೊಟ್ಟರೆ ಅದರ ಹೆಸರು ಬದಲಾಗುವುದಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಲ್ಲಿಯೂ ಒಂದು ಮಾತು. ಉತ್ಸವಗಳಲ್ಲಿ ಸಂಭ್ರಮದ ಗುಂಡು ಹಾರಿಸಿ ಅನ್ಯರಿಗೆ ಅಪಾಯ ಒಡ್ಡುವುದು 2019ರಿಂದ 2 ವರ್ಷಗಳವರೆಗಿನ ಸೆರೆಗೆ ಗುರಿಯಾಗುವ ಅಪರಾಧ. ನಾವು ಪೊಲೀಸರ ಭಯಕ್ಕಲ್ಲ, ವ್ರತದ ಭಯಕ್ಕೆ ನಡೆಯಬೇಕಾದವರು. ನಿಮ್ಮ ಬಸದಿಯ ಆವರಣಕ್ಕೆ ಯಾವ ಬಂದೂಕೂ ಬಾರದೆಂದು ಒಂದು ಠರಾವು ಮಾಡಿರಿ. ಬಂದೂಕನ್ನು ಒಪ್ಪಿಸಿ ಲೈಸೆನ್ಸನ್ನು ಹಿಂತಿರುಗಿಸಿದ ಗೃಹಸ್ಥನಿದ್ದರೆ, ಹಣ ಕೊಟ್ಟ ದಾನಿಗೆ ಹಾಕುವ ಹಾರವನ್ನು ಅವನಿಗೂ ಹಾಕಿರಿ. ಅಭಯದಾನವು ದಾನಗಳಲ್ಲಿ ಕಡಿಮೆಯದೆಂದು ಯಾವ ಆಚಾರ್ಯರೂ ಹೇಳಿಲ್ಲ.