ಉರಿಗಾಂ: ದಿಬ್ಬ ಹರಾಜಿಗೆ, ಕಟ್ಟಡ ಯಾರ ಲೆಕ್ಕಕ್ಕೆ?

ಬಂಗಾರಪೇಟೆಯಲ್ಲಿ ಮುಖ್ಯ ಹಳಿ ಬಿಟ್ಟು ಮಾರಿಕುಪ್ಪಂ ಕಡೆ ತಿರುಗಿದ ರೈಲು ಉರಿಗಾಂ ಸಮೀಪಿಸಿದಂತೆ ಮೊದಲು ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸಯನೈಡ್ ದಿಬ್ಬಗಳು ಕಾಣುತ್ತವೆ, ಆಮೇಲೆ ಗಣಿಯೊಳಗೆ ಇಳಿಯುವ ಶಾಫ್ಟುಗಳ ನೆತ್ತಿಯ ಮೇಲೆ ನಿಂತ ಉಕ್ಕಿನ ಗೋಪುರಗಳು. ಬೆಂಗಳೂರಿಗೆ ಕೂಲಿಗೋ ನೌಕರಿಗೋ ದಿನವೂ ಹೋಗಿ ಬರುವ ಕೆಜಿಎಫ್ (ಕೋಲಾರ ಚಿನ್ನದ ಗಣಿ) ಮಂದಿಗೆ ಇವು ಕಾಣುವುದು ಅಪರೂಪ. ಹೊರಡುವಾಗಲೂ ಕತ್ತಲು, ಮರಳುವಾಗಲೂ ಕತ್ತಲು.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸುಮಾರು 1,003 ಎಕರೆಯಲ್ಲಿ ಹರಡಿರುವ 13 ದಿಬ್ಬಗಳ ಹರಾಜಿಗೆ ಒಪ್ಪಿತು. ಅಲ್ಲಿಂದ ಮಾತೆಲ್ಲ ಆ ಮಣ್ಣಿನಲ್ಲಿ ಇನ್ನೆಷ್ಟು ಚಿನ್ನ ಉಳಿದಿದೆ ಎಂಬುದರ ಸುತ್ತಲೇ. ದಿಬ್ಬದ ಪಕ್ಕದ ಕಟ್ಟಡಗಳ ಗತಿ ಏನು ಎಂದು ಕೇಳುವವರು ಕಡಿಮೆ. ಪರಂಪರೆಯ ಮಾತು ಬಂದರೂ ನಮ್ಮ ಕಣ್ಣು ಹೋಗುವುದು ಸಾಹೇಬರ ಬಂಗಲೆಗೆ, ಕ್ಲಬ್ಬಿಗೆ, ಇಗರ್ಜಿಗೆ. ‘ಮಿನಿ ಇಂಗ್ಲೆಂಡ್’ ಎಂಬ ಅಡ್ಡಹೆಸರು ಬೇರೆ. ನನ್ನ ಮಟ್ಟಿಗೆ, ಕೆಜಿಎಫ್‌ನಲ್ಲಿ ಕೆಜಿಎಫ್ ಅತಿ ಕಡಿಮೆ ಇರುವುದು ಈ ಬಂಗಲೆಗಳಲ್ಲೇ. ಅಂಥವು ಊಟಿಯಲ್ಲೂ ಇವೆ.

ಇಲ್ಲಿನದೇ ಆದ ವಾಸ್ತುವನ್ನು ಕಾಣಬೇಕಾದರೆ ಒಂದು ಶಾಫ್ಟಿನ ಬಳಿ ನಿಂತು ನೋಡಬೇಕು. ಗೋಪುರದ ಎರಡು ಕಾಲು ನೆಟ್ಟಗಿರುವುದಿಲ್ಲ, ಒಂದು ಕಡೆಗೆ ಚಾಚಿರುತ್ತವೆ. ಅವು ಚಾಚಿದ ದಿಕ್ಕಿಗೆ ನಡೆದರೆ, ಆಳುಗಳನ್ನೂ ಅದಿರನ್ನೂ ಹಗ್ಗದಿಂದ ಏರಿಳಿಸುತ್ತಿದ್ದ ಯಂತ್ರದ ಮನೆ, ಅಂದರೆ ವೈಂಡರ್ ಮನೆ ಸಿಗುತ್ತದೆ. ಅಲ್ಲಿನ ಭಾರಿ ಉರುಳೆ ಹಗ್ಗ ಎಳೆಯುವಾಗ ಗೋಪುರ ಅತ್ತ ಬಾಗದಂತೆ ತಡೆಯುವುದು ಆ ಓರೆ ಕಾಲುಗಳ ಕೆಲಸ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಷ್ಟು ದೂರ ಒಂದೇ ಹಗ್ಗ ಎಟುಕದು, ಒಳಗೇ ಹಂತ ಹಂತವಾಗಿ ಶಾಫ್ಟುಗಳಿದ್ದವು. ಹಾಗಿದ್ದರೂ ಹಗ್ಗದ ಉದ್ದಕ್ಕೆ ತಕ್ಕಂತೆ ಉರುಳೆ, ಉರುಳೆಯ ಗಾತ್ರಕ್ಕೆ ತಕ್ಕಂತೆ ಅಡಿಪಾಯ, ಅದಕ್ಕೆ ತಕ್ಕಂತೆ ಕೋಣೆಯ ಅಗಲ, ಸೂರಿನ ಎತ್ತರ. ನೆಲದ ಮೇಲಿನ ಗೋಡೆಯ ಅಳತೆಯನ್ನು ನೆಲದಡಿಯ ಆಳ ತೀರ್ಮಾನಿಸಿದ ಕಟ್ಟಡ ಇದು. ಅದರಾಚೆ ಅದಿರು ಕುಟ್ಟುವ ಮಿಲ್, ಸಯನೈಡ್ ತೊಟ್ಟಿಗಳು, ಕೊನೆಗೆ ದಿಬ್ಬ. ಹೀಗೆ ನೋಡಿದರೆ ದಿಬ್ಬ ಕಸವಲ್ಲ, ಈ ಸಾಲಿನ ಕೊನೆಯ ಕಟ್ಟಡ. (ಸಿನಿಮಾದವರು ಬಂದು ದಿಬ್ಬದ ಮೇಲೆ ಗಣಿಯ ಸೆಟ್ ಹಾಕಿದರು. ನಿಜವಾದ ಗಣಿ ಪಕ್ಕದಲ್ಲೇ ತುಕ್ಕು ಹಿಡಿಯುತ್ತಿತ್ತು.)

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ಆಗಿನ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲೊಂದು ಅದು. ಉಗಿಯ ಯಂತ್ರಗಳು ಮೆಲ್ಲಗೆ ಹಿಂದೆ ಸರಿದವು. ಕಾವೇರಿ ದಂಡೆಯ ವಿದ್ಯುದಾಗಾರವೂ ಇದೇ ಸಾಲಿಗೆ ಸೇರಬೇಕಾದ ಕಟ್ಟಡವೇ.

ಸಾಲಿನ ಇನ್ನೊಂದು ತುದಿಯಲ್ಲಿ ಕಾರ್ಮಿಕರ ‘ಲೈನ್’ ಮನೆಗಳಿವೆ. ತಮಿಳು, ತೆಲುಗು ನಾಡಿನಿಂದ ಬಂದವರಲ್ಲಿ ಬಹುಪಾಲು ದಲಿತರು. ಬಿದಿರ ತಟ್ಟಿಯ ಗುಡಿಸಿಲಲ್ಲೋ ಒಂಟಿ ಕೋಣೆಯಲ್ಲೋ ಅವರ ಇಡೀ ಸಂಸಾರ. ಬಂಗಲೆಯನ್ನು ಉಳಿಸಿ ಲೈನನ್ನು ಕೆಡವಿದರೆ ಉಳಿಯುವುದು ಸಾಹೇಬರ ಇತಿಹಾಸ ಮಾತ್ರ. ಹಾಗೆಂದು ಲೈನನ್ನು ಇದ್ದಂತೆಯೇ ಕಾಪಾಡಿ ಎನ್ನುವುದೂ ಅನ್ಯಾಯ, ಅಲ್ಲಿ ಇಂದಿಗೂ ಜನ ಬದುಕುತ್ತಿದ್ದಾರೆ. ಅವರಿಗೆ ಮೊದಲು ಹಕ್ಕುಪತ್ರ, ಶೌಚಾಲಯ, ಸೋರದ ಸೂರು ಬೇಕು. ಮಾದರಿಗೆಂದು ಒಂದು ಸಾಲನ್ನು ಉಳಿಸುವ ಮಾತು ಆಮೇಲಿನದು, ಅದೂ ಅವರನ್ನು ಕೇಳಿ.

ಕಾರ್ಖಾನೆ ಮುಚ್ಚಿದ ಮೇಲೆ ನಮಗೆ ನೆಲದ ಬೆಲೆ ಮಾತ್ರ ಕಾಣುತ್ತದೆ. ಬೆಂಗಳೂರಿನ ಬಿನ್ನಿ ಮಿಲ್ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ಕೆಜಿಎಫ್ ಗಣಿಗಳಿಗೆ ಕುಶಲಿಗರನ್ನು ಕಳಿಸಿದ ಇಂಗ್ಲೆಂಡಿನ ಕಾರ್ನ್‌ವಾಲ್ ಬೇರೆ ದಾರಿ ಹಿಡಿಯಿತು. ಅಲ್ಲಿ ಎಂಜಿನ್ ಮನೆಗಳನ್ನು ಬಿಡಿಬಿಡಿಯಾಗಿ ನೋಡದೆ ಇಡೀ ಗಣಿ ಪ್ರದೇಶವನ್ನೇ ಒಂದು ಘಟಕವೆಂದು ಪರಿಗಣಿಸಿದರು. 2006ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತು. ನಮ್ಮಲ್ಲಿ ಕಾನೂನೇ ಇಲ್ಲವೆಂದೇನಲ್ಲ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಸ್ಮಾರಕಕ್ಕೆ ನೂರು ವರ್ಷ ತುಂಬಿರಬೇಕು ಎನ್ನುತ್ತದೆಯೇ ಹೊರತು, ಅದು ಗುಡಿಯೋ ಕೋಟೆಯೋ ಆಗಿರಲೇಬೇಕು ಎನ್ನುವುದಿಲ್ಲ. ಇಲ್ಲಿನ ಹಲವು ಕಟ್ಟಡಗಳಿಗೆ ಆ ವಯಸ್ಸು ದಾಟಿದೆ.

ಈ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ್ದು 2001ರ ಫೆಬ್ರುವರಿ 28ಕ್ಕೆ. ಅಂದಿನಿಂದ ಕಬ್ಬಿಣ ಗುಜರಿಗೆ ಹೋಗುತ್ತಿದೆ, ಕಲ್ಲು ಕುಸಿಯುತ್ತಿದೆ. ಹಾಗಾಗಿ ದಿಬ್ಬಗಳ ಗುತ್ತಿಗೆಯ ಷರತ್ತು ಅಂತಿಮವಾಗುವ ಮೊದಲೇ ಶಾಫ್ಟು ಶಾಫ್ಟಿಗೂ ಒಂದು ನಕ್ಷೆ ತಯಾರಾಗಬೇಕು. ಯಾವ ಗೋಪುರದ ಹಗ್ಗ ಯಾವ ವೈಂಡರ್ ಮನೆಗೆ ಹೋಗುತ್ತಿತ್ತು, ಅದಿರು ಯಾವ ಮಿಲ್ಲಿಗೆ, ಅಲ್ಲಿಂದ ಯಾವ ದಿಬ್ಬಕ್ಕೆ ಎಂಬುದು ಅದರಲ್ಲಿರಬೇಕು. ಕನಿಷ್ಠ ಒಂದು ಸಾಲಾದರೂ ಪೂರ್ತಿಯಾಗಿ, ತನ್ನ ದಿಬ್ಬದ ಒಂದು ತುಂಡಿನ ಸಮೇತ, ಹರಾಜಿನಿಂದ ಹೊರಗುಳಿಯಲಿ. ಈ ನಕ್ಷೆಗೆ ದೂರದಿಂದ ತಜ್ಞರನ್ನು ಕರೆಸಬೇಕಾಗಿಲ್ಲ. ವೈಂಡರ್ ನಡೆಸಿದವರು, ಮಿಲ್ಲಿನಲ್ಲಿ ದುಡಿದವರು ಲೈನುಗಳಲ್ಲಿ ಇನ್ನೂ ಇದ್ದಾರೆ. ಗಣಿ ಮುಚ್ಚಿದ ದಿನ ಮೂವತ್ತೈದು ವರ್ಷದವರಾಗಿದ್ದವರಿಗೆ ಈಗ ಅರವತ್ತರ ಹತ್ತಿರ.