ಅಳಲಿಗೂ ಒಂದು ಭಾಷೆ ಬೇಕು

ಊರಿನಿಂದ ಫೋನು ಬಂದರೆ ವಾಶಿಯ ನಮ್ಮವರ ಉತ್ತರ ಸಾಮಾನ್ಯವಾಗಿ ಒಂದೇ: "ಆರಾಮ ಇದ್ದೇನೆ." ಹೊಟೇಲಿನ ಹುಡುಗನಿರಲಿ, ಎಪಿಎಂಸಿ ಮಾರುಕಟ್ಟೆಯ ಗುಮಾಸ್ತನಿರಲಿ, ಮನೆಯವರಿಗೆ ಚಿಂತೆ ಯಾಕೆಂದು ಸಾಲ, ಒಂಟಿತನ, ನಿದ್ದೆಯಿಲ್ಲದ ರಾತ್ರಿಗಳನ್ನು ನುಂಗಿಕೊಳ್ಳುತ್ತಾರೆ. ಗಿರಾಕಿಗಳೊಡನೆ ಹಿಂದಿ, ಮರಾಠಿ ಸಲೀಸು. ಆದರೆ "ಬದುಕೇ ಸಾಕಾಗಿದೆ" ಎಂಬ ಮಾತು ಕಲಿತ ಭಾಷೆಯಲ್ಲಿ ಸುಲಭವಾಗಿ ಬಾಯಿಗೆ ಬಾರದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ಅತಿ ಹೆಚ್ಚು ಮಹಾರಾಷ್ಟ್ರದಲ್ಲಿ, 22,746. ಒಟ್ಟು ಸತ್ತವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ದಿನಗೂಲಿಗಳು. ಅದೇ ವರ್ಷ ನವೆಂಬರಿನಲ್ಲಿ ಕೇಂದ್ರ ಸರಕಾರ ಆತ್ಮಹತ್ಯೆ ತಡೆಗೆ ರಾಷ್ಟ್ರೀಯ ಕಾರ್ಯನೀತಿ ಪ್ರಕಟಿಸಿತು. 2030ರೊಳಗೆ ಇಂಥ ಸಾವುಗಳನ್ನು ಶೇ. 10ರಷ್ಟು ತಗ್ಗಿಸುವುದು ಗುರಿ.

ಅದಕ್ಕೂ ಮೊದಲೇ, ಅಕ್ಟೋಬರ್ 10ರಂದು, 'ಟೆಲಿ ಮಾನಸ್' ಸಹಾಯವಾಣಿ ಶುರುವಾಗಿತ್ತು. ಸಂಖ್ಯೆ 14416. ಹಗಲು ರಾತ್ರಿ ಉಚಿತ. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಉಂಟು. ಇದನ್ನು ಮುನ್ನಡೆಸುವ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಪೊಲೀಸರ ಭಯದಿಂದ ವಿಷಯ ಮುಚ್ಚಿಡುವ ಕುಟುಂಬಗಳೂ ಇವೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎನ್ನುತ್ತದೆ. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರಕಾರದ ಹೊಣೆ.

ಇದು ತಜ್ಞರಿಗಷ್ಟೇ ಬಿಟ್ಟ ಕೆಲಸವಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಹಳ್ಳಿಗಳಲ್ಲೇ ಮಾನಸಿಕ ಚಿಕಿತ್ಸೆ ಸಿಗುವಂತೆ ಮಾಡಿತು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು.

ಹಗಲು ಹೊಟೇಲಿನಲ್ಲಿ ದುಡಿದ ಹುಡುಗರಿಗಾಗಿ ಮುಂಬಯಿಯ ನಮ್ಮ ಹಿರಿಯರು ಕನ್ನಡ ರಾತ್ರಿಶಾಲೆಗಳನ್ನು ನಡೆಸಿದರು. ಅಕ್ಷರದ ಹಸಿವು ಅವರಿಗೆ ಕಂಡಿತ್ತು. ಮನಸ್ಸಿನ ಭಾರ ಇಂದು ನಮಗೆ ಕಾಣಬೇಕು. ಯಕ್ಷಗಾನ, ಸನ್ಮಾನ, ಅರಸಿನ ಕುಂಕುಮದ ಜೊತೆ ವರ್ಷಕ್ಕೊಮ್ಮೆಯಾದರೂ ನಮ್ಮ ಸಂಘಗಳು ಕನ್ನಡ ಬಲ್ಲ ಮನೋವೈದ್ಯರೊಬ್ಬರನ್ನು ಕರೆಸಲಿ. ಹೊಟೇಲಿನ ಅಡುಗೆಮನೆಯಲ್ಲಿ, ಕೆಲಸಗಾರರ ಕೋಣೆಯಲ್ಲಿ 14416 ಎಂದು ಕನ್ನಡದಲ್ಲೇ ಬರೆದು ಅಂಟಿಸೋಣ.

ಯಾರಾದರೂ ಮಾತು ಬಿಟ್ಟು ಕೂತರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ಮೆಲ್ಲಗೆ, ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಕೇಳಿದ ಮೇಲೆ ಬುದ್ಧಿವಾದ ಬೇಡ. ಅವರನ್ನು ಒಂಟಿಯಾಗಿ ಬಿಡದೆ ಪಕ್ಕದಲ್ಲಿ ಕುಳಿತು ಆ ಸಂಖ್ಯೆ ಒತ್ತಿಕೊಡಿ. ಅಷ್ಟು ಮಾಡಲು ಪದವಿ ಬೇಕಿಲ್ಲ.