ಗಂಡನ ಹಳೆ ಸಾಲ, ಹೆಂಡತಿಯ ಹೊಸ ಸಹಿ

ಕೊರೋನಾ ಸಮಯದಲ್ಲಿ ಕೆಲಸ ಹೋಗಿ ಕ್ರೆಡಿಟ್ ಕಾರ್ಡ್, ಪರ್ಸನಲ್ ಲೋನ್ ಕಟ್ಟಲಾಗದೆ ಕೈಚೆಲ್ಲಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಈಗ ಅವರಿಗೆ ಊರಿನಲ್ಲಿ ಮನೆ ಕಟ್ಟಬೇಕು. ಆಗ ಯಾರಾದರೂ ಹೇಳ್ತಾರೆ: "ಹೆಂಡತಿಯನ್ನೂ ಸೇರಿಸಿ ಜಾಯಿಂಟ್ ಲೋನ್ ಮಾಡಿ, ಪಾಸಾಗ್ತದೆ." ಇದು ತಪ್ಪು ಸಲಹೆ ಎಂದು ನಮ್ಮ ಅಭಿಪ್ರಾಯ.

ಜಾಯಿಂಟ್ ಲೋನ್ ಅಂದರೆ ಬ್ಯಾಂಕ್ ಇಬ್ಬರ ಸಿಬಿಲ್ ವರದಿಯನ್ನೂ ತೆಗೆದು ನೋಡುತ್ತದೆ. ಹೆಂಡತಿಯ ಅಂಕ 780 ಇದ್ದ ಮಾತ್ರಕ್ಕೆ ಗಂಡನ ಕಲೆ ತೊಳೆದು ಹೋಗುವುದಿಲ್ಲ. ನಮ್ಮವರು ಕೋರ್ಟಿಗೆ ಹೋಗಿ ದಿವಾಳಿ ಆಗುವುದು ಕಡಿಮೆ. ಲಕ್ಷ ರೂಪಾಯಿ ಬಾಕಿಗೆ 60 ಸಾವಿರ ಕಟ್ಟಿ ಮಾತು ಮುಗಿಸುತ್ತಾರೆ, ಸಾಲ ತೀರಿತು ಅಂದುಕೊಳ್ಳುತ್ತಾರೆ. ವರದಿಯಲ್ಲಿ ಮಾತ್ರ 'ಕ್ಲೋಸ್ಡ್' ಅಲ್ಲ, 'ಸೆಟಲ್ಡ್' ಎಂದು ಇರುತ್ತದೆ. ಪೂರ್ತಿ ಕಟ್ಟಿಲ್ಲ ಎಂದೇ ಮುಂದಿನ ಬ್ಯಾಂಕ್ ಅದನ್ನು ಓದುವುದು.

ದುಬೈ ಸಾಲ ಊರಲ್ಲಿ ಯಾರಿಗೆ ಗೊತ್ತಾಗ್ತದೆ ಎನ್ನುವವರೂ ಇದ್ದಾರೆ. ಗಲ್ಫಿನಲ್ಲಿ ಇರುವವರ ಹತ್ತಿರ ಅಲ್ಲಿನ ಕ್ರೆಡಿಟ್ ವರದಿ ಕೇಳುವ ಬ್ಯಾಂಕುಗಳು ಊರಿನಲ್ಲಿ ಉಂಟು. 2020ರ ಜನವರಿಯ ಕೇಂದ್ರ ಸರಕಾರದ ಅಧಿಸೂಚನೆಯ ನಂತರ ಯುಎಇ ಕೋರ್ಟಿನ ಹಣ ವಸೂಲಿ ತೀರ್ಪನ್ನು ನಮ್ಮ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿ ಮಾಡಿಸಬಹುದು. ವಿಮಾನ ಹತ್ತಿದರೆ ಮುಗಿಯಿತು ಎನ್ನುವ ಕಾಲ ಹೋಯಿತು ಮಾರಾಯ್ರೆ.

ನಮಗೆ ಹೆದರಿಕೆ ಇರುವುದು ಸಾಲ ಸಿಕ್ಕಿದ ನಂತರದ್ದು. ಜಾಯಿಂಟ್ ಅಂದರೆ ಅರ್ಧ ಅರ್ಧ ಅಲ್ಲ. ಗಂಡನ ಕೆಲಸ ಮತ್ತೆ ಹೋದರೆ ಪೂರ್ತಿ ಬಾಕಿಯನ್ನು ಬ್ಯಾಂಕ್ ಹೆಂಡತಿಯಿಂದಲೇ ಕೇಳಬಹುದು. ಕಂತು ತಪ್ಪಿದರೆ ಅವಳ ವರದಿಯೂ ಕೆಡುತ್ತದೆ. ಮನೆಯಲ್ಲಿ ಸರಿಯಾಗಿ ಉಳಿದಿದ್ದ ಒಂದು ಹೆಸರೂ ಹೋದ ಮೇಲೆ ಮಕ್ಕಳ ಓದಿಗೆ ಸಾಲ ಬೇಕಾದರೆ ಯಾರ ಸಹಿ?

ಹೆಂಡತಿ ಟೀಚರೋ ನರ್ಸೋ ಆಗಿದ್ದು ಸ್ವಂತ ಸಂಬಳ ಇದ್ದರೆ, ಜಾಗ ಅವಳೊಬ್ಬಳ ಹೆಸರಿನಲ್ಲಿರಲಿ, ಸಾಲವೂ ಅವಳೊಬ್ಬಳದ್ದೇ ಇರಲಿ. ಜಾಗದಲ್ಲಿ ಗಂಡನ ಹೆಸರಿದ್ದರೆ ಅವನನ್ನೂ ಸಾಲಕ್ಕೆ ಸೇರಿಸಿ ಎಂದು ಬ್ಯಾಂಕುಗಳು ಸಾಮಾನ್ಯವಾಗಿ ಹೇಳುತ್ತವೆ. ಮೊತ್ತ ಕಡಿಮೆ ಸಿಗ್ತದೆ, ಸಿಗಲಿ. ಎರಡು ರೂಮ್ ಮೊದಲು, ಮೇಲಿನ ಮಾಳಿಗೆ ಆಮೇಲೆ. ಅವಳಿಗೆ ಸಂಬಳವೇ ಇಲ್ಲದಿದ್ದರೆ ಅವಳ ಸಹಿಯಿಂದ ಸಾಲಕ್ಕೆ ಬಲ ಬರುವುದಿಲ್ಲ, ಅವಳ ತಲೆಗೆ ಭಾರ ಬರ್ತದೆ ಅಷ್ಟೆ. ಆಗ ಗಂಡ ಉಳಿದ ಬಾಕಿ ಕಟ್ಟಿ, ಬಾಕಿ ಇಲ್ಲ ಎಂಬ ಪತ್ರ ಪಡೆದು, ವರದಿ ತಿದ್ದಿಸಿಕೊಂಡು, ಕೆಲವು ವರ್ಷ ಕಾಯಬೇಕು. ಬೇರೆ ದಾರಿ ನಮಗೆ ಕಾಣುವುದಿಲ್ಲ.

ಬಡ್ಡಿ ಸಾಲ ಬೇಕೇ ಬೇಡವೇ ಎಂಬುದನ್ನು ಉಸ್ತಾದರಲ್ಲಿ ಕೇಳಿ, ಅದು ಲೆಕ್ಕ ಬರೆಯುವ ನಮ್ಮ ಕೆಲಸ ಅಲ್ಲ. ಆದರೆ ಕುರ್‌ಆನಿನ ಅತಿ ದೀರ್ಘ ಸೂಕ್ತ, 2:282, ಸಾಲವನ್ನು ಸಾಕ್ಷಿ ಸಮೇತ ಬರೆದಿಡುವ ಬಗ್ಗೆಯೇ ಇದೆ. ಹಾಗಿರುವಾಗ ಒಂದು ತಿಂಗಳ ರಜೆಯಲ್ಲಿ ಊರಿಗೆ ಹೋಗಿ, ಹಳೆ ಬಾಕಿಯ ಸುದ್ದಿ ಎತ್ತದೆ, ಹೆಂಡತಿಯಿಂದ ಹತ್ತಾರು ಕಾಗದಕ್ಕೆ ಸಹಿ ಹಾಕಿಸುವುದು ಯಾವ ನ್ಯಾಯ?

ವರ್ಷಕ್ಕೊಂದು ಸಲ ಕ್ರೆಡಿಟ್ ವರದಿ ಉಚಿತವಾಗಿ ಸಿಗುತ್ತದೆ. ಸಹಿಗೆ ಮೊದಲು ಗಂಡನ ವರದಿಯನ್ನು ನಮ್ಮ ಸಹೋದರಿಯರು ಕೇಳಿ ನೋಡಬೇಕು. ಬ್ಯಾಂಕಿನ ಗುಮಾಸ್ತ ಹೇಗೂ ಅದನ್ನು ನೋಡಿಯೇ ನೋಡುತ್ತಾನೆ.